ಮಗಳಿಗೆ ಬರುವುದು, ಬಾರದ್ದು

ನಮ್ಮ ತವರುಮನೆಯಲ್ಲಿ ಪುಸ್ತಕ ತೋರಿಸಿ ಪಾಠ ಹೇಳುವ ರೂಢಿ ಇರಲಿಲ್ಲ. ಅಪ್ಪ ಕಲಬುರಗಿಯ ಬ್ರಹ್ಮಪುರದ ಮನೆಯ ಪಡಸಾಲೆಯಲ್ಲಿ ಕುಳಿತು ಹುಡುಗರಿಗೆ ವೇದದ ಸಂಥಾ ಹೇಳುತ್ತಿದ್ದರು. ಗುರು ಒಂದು ಸಲ ಹೇಳಬೇಕು. ಎದುರಿಗೆ ಕುಳಿತವನು ಅದನ್ನೇ, ಅದೇ ಧಾಟಿಯಲ್ಲಿ, ಎರಡು ಸಲ ಹೇಳಬೇಕು. ಅರ್ಥ ಕೇಳಬಾರದು, ಅದು ಆಮೇಲೆ ತಾನಾಗಿ ಬರುತ್ತದೆ. ನನಗೆ ಇನ್ನೂ ಬಂದಿಲ್ಲ, ಆ ಮಾತು ಬೇರೆ. ಹೆಣ್ಣುಮಕ್ಕಳಿಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ನಾನು ಅಡುಗೆಮನೆಯ ಬಾಗಿಲ ಹಿಂದೆ ಅಕ್ಕಿ ಆರಿಸುತ್ತ ಕೇಳಿ ಕಲಿತವಳು. ಹೊರಗೆ ಯಾರಾದರೂ ತಪ್ಪಿದರೆ ಒಳಗಿನಿಂದಲೇ ತಿದ್ದಿ ಬೈಸಿಕೊಳ್ಳುತ್ತಿದ್ದೆ. ನನ್ನ ಬಾಯಿ ಮತ್ತು ನನ್ನ ಸಿಟ್ಟು ಎರಡೂ ಓಣಿಯಲ್ಲಿ ಆಗಲೇ ಹೆಸರು ಮಾಡಿದ್ದವು.

ಮದುವೆಯಾಗಿ ಕಮಲಾಪುರಕ್ಕೆ ಬಂದೆ. ನಮ್ಮ ಮನೆಯವರಿಗೆ ಬೆಳಿಗ್ಗೆ ಮಠದಲ್ಲಿ ಪೂಜೆ, ಹಗಲು ಸೊಸೈಟಿಯಲ್ಲಿ ಗುಮಾಸ್ತೆಯ ಕೆಲಸ. ಮಗಳು ಹುಟ್ಟಿದ್ದು ಒಂಬತ್ತು ವರ್ಷ ಕಾದ ಮೇಲೆ. ಅವಳ ಕುತ್ತಿಗೆ ನಿಲ್ಲಲು ವರ್ಷ ಹಿಡಿಯಿತು, ನಡೆಯಲು ನಾಲ್ಕು ವರ್ಷ. ಮಾತು ಐದು ತುಂಬಿದರೂ ಬರಲಿಲ್ಲ. ಬುದ್ಧಿಯ ಬೆಳವಣಿಗೆ ನಿಧಾನ ಎಂದು ಡಾಕ್ಟರು ಹೇಳಿದರು. ನಿಧಾನ ಎಂದರೆ ತಡವಾಗಿಯಾದರೂ ಬಂದು ಮುಟ್ಟುತ್ತದೆ ಎಂದು ನಾವಿಬ್ಬರೂ ತಿಳಿದುಕೊಂಡು ಬಸ್ಸು ಹತ್ತಿದೆವು.

ಅವಳಿಗೆ ಆರು ವರ್ಷವಾಗಿದ್ದಾಗ ಒಂದು ಸಂಜೆ ದೀಪ ಹಚ್ಚಿ, ಸ್ತೋತ್ರವೊಂದರ ಮೊದಲ ಸಾಲು ಹೇಳಿದೆ. ಹಿಂದಿನಿಂದ ಅದೇ ಸಾಲು ಕೇಳಿತು. ತಿರುಗಿ ನೋಡಿದರೆ ಮಗಳು. ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ಗೋಡೆ ನೋಡುತ್ತ, ನನ್ನದೇ ರಾಗದಲ್ಲಿ ಹೇಳಿದ್ದಳು. ಇನ್ನೊಂದು ಸಾಲು ಹೇಳಿದೆ, ಅದನ್ನೂ ಹೇಳಿದಳು. ಅವತ್ತಿನಿಂದ ಮನೆಯಲ್ಲಿ ಸಂಥಾ ಶುರುವಾಯಿತು. ನಾನು ಒಂದು ಸಲ, ಅವಳು ಎರಡು ಸಲ. ಅಪ್ಪನ ಸಾಲಿನಲ್ಲಿ ನನಗೆ ಸಿಗದ ಜಾಗ ಮಗಳಿಗೆ ಸಿಕ್ಕಿತು ಎಂದು ಹಿಗ್ಗಿದೆ. ಎರಡು ವರ್ಷದಲ್ಲಿ ಇಡೀ ಸ್ತೋತ್ರ ಅವಳ ಬಾಯಲ್ಲಿತ್ತು. ನೆಂಟರು ಬಂದರೆ ಹೇಳಿಸುತ್ತಿದ್ದೆ, ಅವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಹಸಿವಾದರೆ ಹಸಿವು ಎಂದು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಐದನೆಯ ಇಯತ್ತೆಯವರೆಗೆ ಅವಳನ್ನು ಊರಿನ ಶಾಲೆಯಲ್ಲಿ ಕೂರಿಸಿದರು. ಆಮೇಲೆ ಅಲ್ಲಿನ ಗುರುಗಳು ನಯವಾಗಿ, ಮನೆಯಲ್ಲೇ ಇಟ್ಟುಕೊಂಡರೆ ಕೂಸಿಗೂ ಸುಖ ಎಂದರು. ಇಟ್ಟುಕೊಂಡೆ. ಬೆಳಗಿನಿಂದ ಸಂಜೆಯವರೆಗೆ ನಾನು ಮತ್ತು ಅವಳು. ನಾನು ಮಾತಾಡಿದರೆ ನನ್ನ ಮಾತೇ ಎರಡು ಸಲ ತಿರುಗಿ ಬರುತ್ತಿತ್ತು. ಕೇಳುವವರಿಗೆ ಮನೆ ತುಂಬಿದ ಹಾಗೆ ಇರುತ್ತಿತ್ತು. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ನಾನೊಬ್ಬಳೇ ಮಾತಾಡುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಪುನರ್ವಸತಿ ಕಾರ್ಯಕರ್ತೆ ಬಂದಳು. ಅಂಗವಿಕಲರ ಮನೆಮನೆಗೆ ಹೋಗಿ, ಸರಕಾರದ ಸೌಲಭ್ಯ ಕೊಡಿಸುವುದು ಅವಳ ಕೆಲಸ. ಸುತ್ತಲಿನ ಯಾವುದೋ ಹಳ್ಳಿಯ ಒಕ್ಕಲುತನದ ಮನೆಯ ಹುಡುಗಿ. ಅವಳಿಗೇ ಒಂದು ಕಾಲು ಪೋಲಿಯೋದಿಂದ ಸಣ್ಣಗಾಗಿತ್ತು. ಹಿಂದೆ ಎರಡು ಹೆಚ್ಚಿನ ಗಾಲಿ ಕಟ್ಟಿಸಿದ ಸ್ಕೂಟರಿನಲ್ಲಿ ಓಡಾಡುತ್ತಿದ್ದಳು. ನಾನು ಮಡಿಯಲ್ಲಿದ್ದೆ. ಒಳಗೆ ಬಾ ಎನ್ನಲಿಲ್ಲ, ಕೂರು ಎನ್ನಲೂ ಇಲ್ಲ. ಆ ಕಾಲಿನ ಮೇಲೆ ಅವಳು ಕಟ್ಟೆಗೆ ಒರಗಿ ನಿಂತೇ ಮಾತಾಡಿದಳು. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಅಕ್ಕಾರ, ಕೂಸಿಂದು ಕಾರ್ಡ್ ಮಾಡ್ಸೀರೇನು?"

"ಯಾವ ಕಾರ್ಡ? ರೇಷನ್ ಕಾರ್ಡಿನಾಗ ಆಕಿ ಹೆಸರು ಅದ."

"ಅದಲ್ರೀ, ಅಂಗವಿಕಲರ ಕಾರ್ಡ್. ಅದಿದ್ರ ಬಸ್ಸಿನ ಪಾಸ್ ಸಿಗ್ತದ, ಥೆರಪಿ ಸಿಗ್ತದ. ಕಲಬುರಗ್ಯಾಗ ಸೇಡಂ ರೋಡಿಗೆ ಇಂಥ ಮಕ್ಕಳ ಸಾಲಿ ಅದ, ಅಲ್ಲಿ ಸೀಟ್ ಸಿಗ್ತದ. ಕಾರ್ಡ್ ಇಲ್ಲಂದ್ರ ಯಾವ ಆಫೀಸಿಗೂ ಈ ಕೂಸು ಕಾಣಂಗಿಲ್ಲ ನೋಡ್ರಿ."

ಅಂಗವಿಕಲ ಎಂಬ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. "ನನ್ನ ಮಗಳು ಅಂಥಾಕಿ ಅಲ್ಲ" ಎಂದು ಬಾಗಿಲು ಹಾಕಿಕೊಂಡೆ. ಬಾಗಿಲ ಹಿಂದೆ ಮಗಳು ಆ ಮಾತನ್ನು ಎರಡು ಸಲ ಹೇಳಿದಳು.

ಆದರೂ ಶಾಲೆಯ ಮಾತು ತಲೆಯಿಂದ ಹೋಗಲಿಲ್ಲ. ತಿಂಗಳು ಕಳೆದ ಮೇಲೆ, ಯಾರಿಗೂ ಹೇಳದೆ, ಮಗಳನ್ನು ಕರೆದುಕೊಂಡು ಕಲಬುರಗಿಗೆ ಹೋದೆ. ಸೇಡಂ ರಸ್ತೆಯ ಆಸ್ಪತ್ರೆಗಳ ಸಾಲು ದಾಟಿ, ಒಳಗೊಂದು ಬಡಾವಣೆಯಲ್ಲಿತ್ತು ಶಾಲೆ. ದೊಡ್ಡದೇನಲ್ಲ, ಮನೆಯೊಂದನ್ನೇ ಶಾಲೆ ಮಾಡಿದ್ದರು. ಹಿತ್ತಲಲ್ಲಿ ಏಳೆಂಟು ಮಕ್ಕಳು ಕುಂಡಗಳಿಗೆ ಮಣ್ಣು ತುಂಬುತ್ತಿದ್ದವು. ಯಾರೂ ಅವರ ಕೈ ಹಿಡಿದಿರಲಿಲ್ಲ. ನಾನು ಹೆಡ್ ಮೇಡಂ ಜೊತೆ ಮಾತಾಡುವಷ್ಟರಲ್ಲಿ ಮಗಳು ನನ್ನ ಕೈಬಿಟ್ಟು ಹಿತ್ತಲಿಗೆ ನಡೆದಳು. ಒಂದು ಕುಂಡದ ಮುಂದೆ ಕುಳಿತು ಎರಡೂ ಕೈ ಮಣ್ಣಿನಲ್ಲಿ ಇಳಿಸಿದಳು. ಹನ್ನೊಂದು ವರ್ಷದಲ್ಲಿ ನಾನು ಕಳಿಸದೆ ಅವಳು ಎಲ್ಲಿಗೂ ಹೋದವಳಲ್ಲ. ಹೊರಡುವಾಗ ಎಬ್ಬಿಸಿದರೆ ಏಳಲಿಲ್ಲ. ಕಂಕುಳಿಗೆ ಕೈಹಾಕಿ ಎತ್ತಿದರೆ ಮೈ ಬಿಗಿಹಿಡಿದಳು. ಮಗಳಿಗೂ ಒಂದು ಬೇಕು ಎಂಬುದಿದೆ ಎಂದು ನನಗೆ ತಿಳಿದದ್ದು ಆ ಹಿತ್ತಲಲ್ಲಿ.

"ಒಂದು ಸೀಟ್ ಖಾಲಿ ಅದ. ಜೂನ್ ಮೊದಲನೇ ವಾರದ ತನಾ ಹಿಡೀತೀನಿ" ಎಂದರು ಹೆಡ್ ಮೇಡಂ. "ಕಾರ್ಡ್ ತೊಗೊಂಡು ಬರ್ರಿ. ನಲವತ್ತು ಪರ್ಸೆಂಟಿನ ಮ್ಯಾಲೆ ಇರಬೇಕು."

ಆಗಿನ್ನೂ ಜನವರಿ. ಬೇಕಾದಷ್ಟು ಹೊತ್ತು ಇದೆ ಎಂದುಕೊಂಡೆ. ಅರ್ಜಿ ತುಂಬಿಸಿಕೊಡಲು ನಾನೇ ಆ ಕಾರ್ಯಕರ್ತೆಯನ್ನು ಹುಡುಕಿಕೊಂಡು ಹೋದೆ. ಬಾಗಿಲು ಹಾಕಿದ್ದನ್ನು ಅವಳು ಎತ್ತಿ ಆಡಲಿಲ್ಲ.

ಸರ್ಟಿಫಿಕೇಟು ಕೊಡುವುದು ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ. ಆ ದಿನ ಮಗಳಿಗೆ ಹಬ್ಬದ ಪರಕಾರ ತೊಡಿಸಿದೆ. ಎರಡು ಜಡೆ ಹಾಕಿ ಅಬ್ಬಲಿಗೆ ಮುಡಿಸಿದೆ. ಹಿಂದಿನ ವಾರವಿಡೀ ಕೂರಿಸಿಕೊಂಡು ಹೆಸರೇನು, ಊರೇನು, ಅಪ್ಪ ಏನು ಮಾಡುತ್ತಾರೆ ಎಂದು ಉತ್ತರ ಬಾಯಿಪಾಠ ಮಾಡಿಸಿದ್ದೆ. ಪರೀಕ್ಷೆ ಎಂದರೆ ಪಾಸಾಗಬೇಕು ಎಂಬುದಷ್ಟೇ ನಮ್ಮ ಮನೆತನಕ್ಕೆ ಗೊತ್ತು. ನಮ್ಮಲ್ಲಿ ಫೇಲಾದವರ ಹೆಸರು ಎತ್ತುವುದಿಲ್ಲ.

ಪರೀಕ್ಷೆ ಮಾಡುವ ಮೇಡಂ ಮೈಸೂರು ಕಡೆಯವರು, ಚಿಕ್ಕ ವಯಸ್ಸು. ಕೋಣೆಗೆ ಬಾಗಿಲಿನ ಬದಲು ಪರದೆ ಇತ್ತು. ಪರದೆಯ ಆಚೆ ತಾಯಂದಿರ ಸಾಲು. ಮೇಡಂ ಮಗಳ ಮುಂದೆ ಮರದ ತುಂಡು ಇಟ್ಟು ಏನೇನೋ ಮಾಡಿಸಲು ನೋಡಿದರು, ಅವಳು ಪರಕಾರದ ಜರಿ ನೋಡುತ್ತ ಕುಳಿತಳು. ಹೊಸ ಜಾಗವೆಂದೋ ಏನೋ, ಅವತ್ತು ನನ್ನ ಮಾತನ್ನೂ ತಿರುಗಿ ಹೇಳಲಿಲ್ಲ. ನಾಚಿಕೊಳ್ಳುತ್ತಾಳೆ ಎಂದು ನಾನೇ ಹೇಳಿದೆ. ಆಮೇಲೆ ನನ್ನನ್ನು ಕೇಳತೊಡಗಿದರು.

"ತಾನೇ ಊಟ ಮಾಡ್ತಾಳಾ?"

"ಮಾಡ್ತಾಳ್ರೀ."

"ಬಟ್ಟೆ ಹಾಕ್ಕೊಳ್ತಾಳಾ?"

"ಹಾಕ್ಕೋತಾಳ್ರೀ."

"ಬಾತ್‌ರೂಮಿಗೆ ಹೋಗಬೇಕು ಅಂದ್ರೆ ಹೇಳ್ತಾಳಾ?"

"ಹೇಳ್ತಾಳ್ರೀ."

ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕರೆದೊಯ್ಯುವವಳು ನಾನು. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನ್ನಿಸಲೇ ಇಲ್ಲ. ಪರದೆಯ ಆಚೆಯವರು ಕೇಳಿಸಿಕೊಳ್ಳುತ್ತಿದ್ದರು, ಹನ್ನೊಂದು ವರ್ಷದ ಮಗಳಿಗೆ ಇದು ಬರುವುದಿಲ್ಲ ಎಂದು ಅವರ ಕಿವಿಗೆ ಬೀಳುವ ಹಾಗೆ ಹೇಳಲು ನನ್ನ ನಾಲಗೆ ಏಳಲಿಲ್ಲ. ಕೊನೆಗೆ ನಾನೇ, "ಮೇಡಂ, ಸ್ತೋತ್ರ ಹೇಳ್ತಾಳ್ರೀ" ಎಂದೆ. ಮೊದಲ ಸಾಲು ಎತ್ತಿಕೊಟ್ಟೆ. ಮಗಳು ಶುರುಮಾಡಿದವಳು ಕೊನೆಯವರೆಗೂ ಒಂದಕ್ಷರ ಬಿಡದೆ ಹೇಳಿದಳು. ಆಚೆಯ ಗದ್ದಲ ನಿಂತುಹೋಯಿತು. ಬುರ್ಖಾ ತೊಟ್ಟ ಹೆಂಗಸೊಬ್ಬಳು ಪರದೆ ಸರಿಸಿ ಇಣುಕಿ, "ಮಾಶಾ ಅಲ್ಲಾ, ಎಷ್ಟ್ ಚಂದ ಓದ್ತಾಳ ಬೇಟಿ" ಎಂದಳು. ಮೇಡಂ ನಕ್ಕು ಬರೆದುಕೊಂಡರು. ನಾನು ಆಸ್ಪತ್ರೆಯ ಮೆಟ್ಟಿಲು ಇಳಿದದ್ದು ಯುದ್ಧ ಗೆದ್ದವಳ ಹಾಗೆ.

ತಿಂಗಳ ಮೇಲೆ ಕಾರ್ಡು ಬಂತು. ಇಪ್ಪತ್ತೈದು ಪರ್ಸೆಂಟು. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನೋಡಿದೇನು? ನೂರರಾಗ ಬರೇ ಇಪ್ಪತ್ತೈದು ಕಮ್ಮಿ. ಎಪ್ಪತ್ತೈದು ಛಲೋ ಅದ ಅಂದಂಗಾತು" ಎಂದರು. ಅವರು ಅಷ್ಟು ನಕ್ಕದ್ದನ್ನು ನಾನು ಮಗಳು ಹುಟ್ಟಿದಾಗ ಮಾತ್ರ ನೋಡಿದ್ದೆ. ಕಾರ್ಡನ್ನು ದೇವರ ಮುಂದಿಟ್ಟರು. ಮಾರನೆಯ ದಿನ ಮಠದಲ್ಲಿ ನಾಲ್ಕು ಜನಕ್ಕೆ ತೋರಿಸಿ ಬಂದರು. ನಾನು ಸಜ್ಜಕ ಮಾಡಿ ನೈವೇದ್ಯ ಹಿಡಿದೆ. ನಲವತ್ತು ಎಂದು ಹೆಡ್ ಮೇಡಂ ಹೇಳಿದ್ದು ನೆನಪಿತ್ತು. ಆದರೆ ಇಷ್ಟು ಜಾಣೆಯಾದ ಹುಡುಗಿಯನ್ನು ಯಾರಾದರೂ ಬೇಡ ಎಂದಾರೆಯೇ ಎಂದುಕೊಂಡೆ.

ಹೆಡ್ ಮೇಡಂ ಬೇಡ ಎಂದರು. ಅವರ ಮುಖವೂ ಸಣ್ಣದಾಯಿತು. "ನಾ ಏನ್ ಮಾಡ್ಲಿ ಹೇಳ್ರಿ? ಈ ಕಾರ್ಡ್ ಪ್ರಕಾರ ಈಕಿಗೆ ನಮ್ಮ ಸಾಲಿ ಬೇಕಾಗಿಲ್ಲ." ಮಗಳು ಅಷ್ಟರಲ್ಲಿ ಹಿತ್ತಲಿಗೆ ಹೋಗಿ ಕುಳಿತಾಗಿತ್ತು. ಅವಳನ್ನು ಎತ್ತಿಕೊಂಡು ರಸ್ತೆಗೆ ಬರುವಾಗ ಅವಳ ಉಗುರು ನನ್ನ ತೋಳಿಗೆ ನಾಟಿತು. ಅವಳ ಮೇಲೆ ಸಿಟ್ಟು ಬರಲಿಲ್ಲ. ಇಪ್ಪತ್ತೈದು ಬರೆದ ಮೇಡಂ ಮೇಲೆ ಬಂತು. ಬಸ್ಸಿನಲ್ಲಿ ಅರ್ಧ ದಾರಿ ಅವರನ್ನು ಮನಸ್ಸಿನಲ್ಲೇ ಬೈದು ಮುಗಿಸಿದ ಮೇಲೆ, ಅವರು ಬರೆದದ್ದೆಲ್ಲ ನಾನು ಹೇಳಿದ್ದೇ ಎಂದು ನೆನಪಾಯಿತು.

ಕಾರ್ಯಕರ್ತೆಗೆ ಫೋನು ಮಾಡಿದೆ. ಮಾರನೆಯ ದಿನವೇ ಬಂದಳು. ಈ ಸಲ ಒಳಗೆ ಕರೆದು ಕುರ್ಚಿ ಹಾಕಿದೆ. ನಮ್ಮ ಮನೆಯವರು ಏನನ್ನುತ್ತಾರೋ ಎಂಬ ಅಂಜಿಕೆ ಇತ್ತು. ಅವರು ಏನೂ ಅನ್ನದೆ ಹೊರಗೆ ಹೋದರು. ಅವಳು ಕಾರ್ಡು ನೋಡಿ, ನನ್ನನ್ನು ನೋಡಿ, ಕಾರ್ಡು ಮಡಿಲಲ್ಲಿಟ್ಟುಕೊಂಡಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಆಕಿ ತಾನ ಊಟ ಮಾಡ್ತಾಳೇನು?"

"ನಾ ಕಲಸಿ ಕೊಟ್ರ ಮಾಡ್ತಾಳ."

"ಬಾಯಾಗ ಯಾರು ಇಡ್ತಾರ?"

ನಾನು ಎದ್ದು ಅವಳಿಗೆ ಕುಡಿಯಲು ನೀರು ತಂದಿಟ್ಟೆ.

"ನಾಳಿ ಒಂದಿನ ಕೈ ಕಟ್ಕೊಂಡು ಕುಂದರ್ರಿ. ಏನೂ ಹೇಳಬ್ಯಾಡ್ರಿ, ಏನೂ ಮಾಡಬ್ಯಾಡ್ರಿ. ಬೀಳೋದು, ಸುಟ್ಕೊಳ್ಳೋದು ಆಗದಂಗ ನೋಡ್ರಿ, ಸಾಕು. ಆಕಿ ಏನು ಮಾಡ್ತಾಳ ಅದನ್ನ ಬರೀರಿ. ಅದೇ ಹೋಗಿ ಡಾಕ್ಟರಮ್ಮಗ ತೋರಸ್ರಿ."

ಹಾಳೆ ತುಂಬಿಸಿ ನಿನಗೆ ತೋರಿಸುತ್ತೇನೆ ಎಂಬ ಹಟದಲ್ಲೇ ನಾನು ಹೊಸ ನೋಟುಬುಕ್ಕು ತೆಗೆದಿಟ್ಟೆ.

ಬೆಳಿಗ್ಗೆ ಮಗಳು ಎದ್ದಳು. ಹಾಸಿಗೆಯ ಮೇಲೆ ಕುಳಿತಳು. ನಾನು ಎದುರಿನ ಗೋಡೆಗೆ ಒರಗಿ, ಪೆನ್ನು ಹಿಡಿದು ಕುಳಿತೆ. ಅವಳು ನನ್ನ ಮುಖ ನೋಡಿದಳು. ಏಳು ಪುಟ್ಟಿ ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ಹಾಗೇ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕೆಳಗಿನ ಹಾಸಿಗೆ ಒದ್ದೆಯಾಯಿತು. ಒದ್ದೆಯಲ್ಲೇ ಕುಳಿತು ನನ್ನನ್ನೇ ನೋಡುತ್ತಿದ್ದಳು. ಅಷ್ಟನ್ನು ಮಾತ್ರ ನನ್ನಿಂದ ನೋಡಲಾಗಲಿಲ್ಲ, ಎಬ್ಬಿಸಿ ಬಟ್ಟೆ ಬದಲಿಸಿದೆ. ಬ್ರಶ್ಶು ಕೊಟ್ಟೆ, ಹಿಡಿದುಕೊಂಡು ನಿಂತಳು. ಅವಲಕ್ಕಿ ಮುಂದಿಟ್ಟೆ, ಕೈ ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದಳು. ಮುಚ್ಚಿದಳು, ಮತ್ತೆ ತೆರೆದಳು. ನಮ್ಮೂರ ಕೆಂಪು ಬಾಳೆಹಣ್ಣು ಎಂದರೆ ಅವಳಿಗೆ ಪ್ರಾಣ. ಸಿಪ್ಪೆ ಸುಲಿಯದೆ ಒಂದು ಕೈಗೆ ಕೊಟ್ಟೆ. ಅದನ್ನು ಮೂಸಿ ನೋಡಿ ನನ್ನತ್ತ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ. ಕೈ ನೋಯುವವರೆಗೂ ಚಾಚಿಯೇ ಇದ್ದಳು. ಒಂದು ಸಲವೂ ಅಳಲಿಲ್ಲ, ಅವ್ವ ಎನ್ನಲಿಲ್ಲ. ನಾನು ಏನೂ ಹೇಳದಿದ್ದರೆ ಅವಳಿಗೆ ಹೇಳಲು ಏನೂ ಇರಲಿಲ್ಲ.

ಹನ್ನೊಂದಕ್ಕೆ ನಮ್ಮ ಮನೆಯವರು ಮಠದಿಂದ ಬಂದರು. "ಕೂಸಿನ್ನ ಉಪವಾಸ ಕೆಡವೀಯೇನು? ಆ ಹುಡುಗಿ ಮಾತು ಕೇಳಿ ತಲಿ ಕೆಡಿಸ್ಕೊಂಡೀ ನೀ" ಎಂದರು. ನಾನು ಅವಲಕ್ಕಿ ಕಲಸಿ ತುತ್ತು ಮಾಡಿ ಬಾಯಿಗಿಟ್ಟೆ. ಗಬಗಬ ತಿಂದಳು. ನೋಟುಬುಕ್ಕಿನಲ್ಲಿ ಎರಡೇ ಮಾತಿದ್ದವು: ಎದ್ದಳು, ಕುಳಿತಳು. ಮಾಡ್ತಾಳ್ರೀ ಮಾಡ್ತಾಳ್ರೀ ಎಂದು ನಾನು ಆ ಕೋಣೆಯಲ್ಲಿ ಹೇಳಿ ಬಂದದ್ದೆಲ್ಲ ನಾನು ಮಾಡುತ್ತಿದ್ದ ಕೆಲಸ. ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತೆ. ಅವಳ ಸ್ಥಿತಿಗೆ ಅತ್ತೆನೋ, ನನ್ನ ಜಂಬಕ್ಕೆ ಅತ್ತೆನೋ ಗೊತ್ತಿಲ್ಲ. ಹೊರಗೆ ಬಂದಾಗ ಮನೆಯವರು ಸೊಸೈಟಿಗೆ ಹೋಗಿಯಾಗಿತ್ತು.

ಮರುಪರೀಕ್ಷೆಗೆ ಅರ್ಜಿ ಹಾಕಿದೆವು. ಕರೆ ಬಂದದ್ದು ಮೇ ತಿಂಗಳ ಕೊನೆಗೆ. ಜೊತೆಗೆ ಬಾ ಎಂದು ಕಾರ್ಯಕರ್ತೆಯನ್ನು ಕೇಳಿದೆ. "ನಾ ಬಂದ್ರ ನಾ ಹೇಳ್ಸಿದ್ದು ಆಗ್ತದ್ರೀ. ಆಕಿ ತಾಯಿ ನೀವು. ನೀವೇ ಹೇಳ್ಬೇಕು" ಎಂದಳು. ಮನೆಯವರನ್ನು ಕೇಳಿದೆ. "ಇದ್ದದ್ದು ಕೆಡಿಸ್ಲಿಕ್ಕೆ ನಾ ಬರಂಗಿಲ್ಲ" ಎಂದರು. ಉರಿಬಿಸಿಲಿನಲ್ಲಿ ನಾವಿಬ್ಬರೇ ಹೋದೆವು. ಈ ಸಲ ಮನೆಯಲ್ಲಿ ಉಡುವ ಹಳೆಯ ಫ್ರಾಕು, ಒಂದೇ ಜಡೆ.

ಅದೇ ಕೋಣೆ, ಅದೇ ಪರದೆ, ಅದೇ ಮೇಡಂ. ಅವರಿಗೆ ನೆನಪಿತ್ತು. "ಸ್ತೋತ್ರ ಹೇಳಿದ ಹುಡುಗಿ ಅಲ್ವಾ?" ಎಂದರು. ಮಗಳನ್ನು ಹೊರಗೆ ಕೂರಿಸಿ ಮಾತಾಡೋಣವೆಂದರೆ ನೋಡಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಪಕ್ಕದಲ್ಲೇ ಕೂರಿಸಿಕೊಂಡೆ. ಮೇಡಂ ಮತ್ತೆ ಅವೇ ಪ್ರಶ್ನೆ ತೆಗೆದರು.

"ತಾನೇ ಊಟ ಮಾಡೋಕೆ ಬರುತ್ತಾ?"

ಪರದೆಯ ಆಚೆ ಅಂದಿನಷ್ಟೇ ಜನ. ನಾನು "ಬರಂಗಿಲ್ರೀ" ಎಂದೆ.

"ಬರಂಗಿಲ್ರೀ. ಬರಂಗಿಲ್ರೀ" ಎಂದಳು ಮಗಳು.

ನಾನು ಕಲಿಸಿದ ಧಾಟಿ ಅದು. ಬೆನ್ನು ನೆಟ್ಟಗೆ, ಕಣ್ಣು ಗೋಡೆಯ ಮೇಲೆ, ಪ್ರತಿ ಅಕ್ಷರ ಸ್ಪಷ್ಟ.

"ಬಟ್ಟೆ ಹಾಕ್ಕೊಳ್ಳೋಕೆ?"

"ಬರಂಗಿಲ್ರೀ."

"ಬರಂಗಿಲ್ರೀ. ಬರಂಗಿಲ್ರೀ."

ಬಾತ್‌ರೂಮು, ತಲೆ ಬಾಚುವುದು, ಬಾಳೆಹಣ್ಣು ಸುಲಿಯುವುದು, ರಸ್ತೆ ದಾಟುವುದು. ಪ್ರಶ್ನೆಗಳು ಮುಗಿಯಲೇ ಇಲ್ಲ. ಪ್ರತಿಯೊಂದಕ್ಕೂ ನಾನು ಒಂದು ಸಲ, ಅವಳು ಎರಡು ಸಲ. ಹೊಸ ಪಾಠವೆಂದು ತಿಳಿದಿದ್ದಳೇನೋ, ಹೇಳುತ್ತ ಹೇಳುತ್ತ ಅವಳ ದನಿ ಏರುತ್ತಿತ್ತು. ಸರಿಯಾಗಿ ಹೇಳಿದಾಗ ನಾನು ಬೆನ್ನು ಸವರುತ್ತಿದ್ದೆನಲ್ಲ, ಅದಕ್ಕಾಗಿ ನನ್ನ ಕಡೆ ಬಾಗಿದಳು. ನನ್ನ ಕೈ ಮೇಲೇಳಲಿಲ್ಲ. ನನ್ನ ಮಗಳಿಗೆ ಏನೇನು ಬರುವುದಿಲ್ಲ ಎಂಬುದನ್ನು ನಾನೇ ಅವಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಅಂಥ ಕೆಲಸ ಯಾವ ತಾಯಿಗೂ ಬರಬಾರದು.

ಮೇಡಂ ಪೆನ್ನು ಕೆಳಗಿಟ್ಟರು. ಮಗಳ ಕಡೆ ಬಾಗಿ, "ಪುಟ್ಟಾ, ಹಸಿವಾಗಿದೆಯಾ?" ಎಂದರು.

"ಹಸಿವಾಗಿದೆಯಾ. ಹಸಿವಾಗಿದೆಯಾ."

"ಏನು ಹೇಳಿದರೂ ಹೀಗೇ ಹೇಳ್ತಾಳಾ?"

"ಹೂಂ ರೀ. ಆಕಿಗೆ ಬೇಕಾದ್ದು ಮಾತ್ರ ಹೇಳಲಿಕ್ಕೆ ಬರಂಗಿಲ್ಲ."

"ಹೋದ ಸಲ ಇದನ್ನ ಯಾಕಮ್ಮ ಹೇಳಲಿಲ್ಲ?"

ಎರಡೇ ಮಾತಿನ ಆ ನೋಟುಬುಕ್ಕನ್ನು ಮುಂದಿಟ್ಟೆ. ಅವರು ಅದನ್ನು ನೋಡಿದರು. ಮಗಳ ಮುಂದೆ ಮತ್ತೆ ಮರದ ತುಂಡುಗಳನ್ನು ಇಟ್ಟು, ಈ ಸಲ ಬಹಳ ಹೊತ್ತು ಕಾದು, ಬಹಳ ಹೊತ್ತು ಬರೆದರು. ಹೊರಗೆ ಬಂದಾಗ ಸಾಲಿನಲ್ಲಿದ್ದ ಹೆಂಗಸರು ನನಗೆ ದಾರಿ ಬಿಟ್ಟರು. ಬಸ್ಸಿನಲ್ಲಿ ಮಗಳು ಕಿಟಕಿಗೆ ಹಣೆ ಹಚ್ಚಿ ಬರಂಗಿಲ್ರೀ, ಬರಂಗಿಲ್ರೀ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಲೇ ಇದ್ದಳು. ಸುಮ್ಮನಿರು ಎಂದರೆ ಅದನ್ನೂ ಎರಡು ಸಲ ಹೇಳುತ್ತಾಳೆ ಎಂದು ನಾನು ಬಾಯಿ ಬಿಡಲಿಲ್ಲ.

ಕಾರ್ಡು ಬರಲು ತಡವಾಯಿತು. ಕಾರ್ಯಕರ್ತೆ ಆಫೀಸಿನಿಂದ ಆಫೀಸಿಗೆ ಸ್ಕೂಟರಿನಲ್ಲಿ ತಿರುಗಿ, ಜೂನಿನ ಮೊದಲ ವಾರ ಮುಗಿಯಲು ಒಂದು ದಿನವಿರುವಾಗ ಕಾಗದ ತಂದು ಕೈಗಿಟ್ಟಳು. ಎಪ್ಪತ್ತೈದು. ಮನೆಯವರು ಓದಿ ಮಡಿಚಿದರು. ದೇವರ ಮುಂದಿಡಲಿಲ್ಲ, ಟ್ರಂಕಿನಲ್ಲಿ ಧೋತರಗಳ ಕೆಳಗೆ ಹಾಕಿದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನ ಉಣ್ಣುತ್ತ, "ನಾಕು ತಿಂಗಳದಾಗ ಇಷ್ಟು ಕೆಟ್ಟಳೇನು?" ಎಂದರು.

"ಆಕಿ ಕೆಟ್ಟಿಲ್ಲ. ನಾ ಖರೇ ಹೇಳಿದೆ."

ಅವರು ಕೈ ತೊಳೆದು ಎದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ನನ್ನದು ಅವರಿಗೆ ಅರ್ಥವಾಗುತ್ತದೆ ಎಂದು ಕಾದು ಕುಳಿತಿದ್ದೆ, ಅಂಥ ಒಂದು ಮಾತೂ ಅವರಿಂದ ಬರಲಿಲ್ಲ.

ಕಾಗದ ಬಂದ ಮರುದಿನವೇ ಟ್ರಂಕಿನಿಂದ ತೆಗೆದು ಶಾಲೆಗೆ ಒಯ್ದಿದ್ದೆ, ಸೀಟು ಸಿಕ್ಕಿತ್ತು. ಕಮಲಾಪುರದಿಂದ ದಿನಾ ಓಡಾಡುವುದು ಆಗದ ಮಾತು. ಅಪ್ಪನ ಮನೆ ಯಾವಾಗಲೋ ಕೈಬಿಟ್ಟು ಹೋಗಿತ್ತು. ಬ್ರಹ್ಮಪುರದಲ್ಲೇ ಎರಡು ಓಣಿ ಆಚೆ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದೆವು. ಮನೆಯವರು ಊರಲ್ಲೇ ಉಳಿದರು, ಪೂಜೆ ಬಿಡುವ ಹಾಗಿಲ್ಲ. ಶನಿವಾರ ಬಂದು ಭಾನುವಾರ ಹೋಗುತ್ತಾರೆ. ನಾನು ಬೆಳಿಗ್ಗೆ ಮಗಳನ್ನು ಬಿಟ್ಟು ಬಂದರೆ ನಾಲ್ಕು ಗಂಟೆಯವರೆಗೆ ನನ್ನ ಕೈಗೆ ಕೆಲಸವಿಲ್ಲ. ಹನ್ನೊಂದು ವರ್ಷ ಇನ್ನೊಬ್ಬರ ಬಾಯಿಗೆ ತುತ್ತಿಟ್ಟ ಕೈ. ಮೊದಮೊದಲು ಮಧ್ಯಾಹ್ನ ಉಣ್ಣದೆ ತಟ್ಟೆ ಮುಚ್ಚಿಡುತ್ತಿದ್ದೆ. ಒಂದು ಪಾವು ತೊಗರಿಬೇಳೆ ತರಲು ನೆಹರು ಗಂಜ್ ಪೇಟೆಗೆ ನಡೆದು ಹೋಗಿ, ಚೀಲಗಳ ನಡುವೆ ಸುಮ್ಮನೆ ಸುತ್ತಾಡಿ, ಬೇಳೆ ಮರೆತು ಬರಿಗೈಯಲ್ಲಿ ಬಂದದ್ದೂ ಇದೆ. ಯಾರಾದರೂ ಮಾತಾಡಿಸಿದರೆ ಸಾಕು ಎನ್ನಿಸುತ್ತಿತ್ತು. ಮಾತಾಡಿಸಿದರೆ ಸಿಟ್ಟು ಬರುತ್ತಿತ್ತು.

ಸೇರಿಸಿದ ವಾರದಲ್ಲೇ ಹೆಡ್ ಮೇಡಂ ನನ್ನನ್ನು ಕೂರಿಸಿಕೊಂಡು ಹೇಳಿದ್ದರು. "ಮನ್ಯಾಗ ಹೇಳಿ ಹೇಳ್ಸೋದು ಬಂದ್ ಮಾಡ್ರಿ. ಆಕಿ ತನ್ನ ಮಾತು ಹೇಳ್ಬೇಕಂದ್ರ ನೀವು ಸುಮ್ನಿರಬೇಕು. ಕಾಯ್ರಿ."

"ಎಷ್ಟು ದಿನ ಕಾಯಬೇಕು?"

"ಅದು ನಮಗೂ ಗೊತ್ತಿಲ್ರೀ."

ಹಗಲೆಲ್ಲ ಸುಮ್ಮನಿರುವುದನ್ನು ಕಲಿತೆ. ತುತ್ತು ಮಾಡುವುದು ಬಿಟ್ಟೆ, ಅವಳು ಅರ್ಧ ಚೆಲ್ಲಿ ಅರ್ಧ ತಿನ್ನುವುದನ್ನು ಹಲ್ಲು ಕಚ್ಚಿಕೊಂಡು ನೋಡಿದೆ. ಆದರೆ ಸಂಜೆ ದೀಪ ಹಚ್ಚಿದ ಮೇಲಿನ ಸಂಥಾ ಮಾತ್ರ ಬಿಡಲಿಲ್ಲ. ಶಾಲೆಯವರಿಗೆ ಹೇಳಲೂ ಇಲ್ಲ. ಇಡೀ ದಿನದಲ್ಲಿ ನನ್ನ ಮಾತಿಗೆ ಒಂದು ದನಿ ಎದುರಾಗುವ ಹೊತ್ತು ಅದೊಂದೇ. ಮಗಳಿಗೆ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೇಕಾಗಿದ್ದದ್ದು ನನಗೆ.

ಎಂಟು ತಿಂಗಳು ಹೀಗೆ ನಡೆಯಿತು. ಹೋದ ಫೆಬ್ರುವರಿಯ ಒಂದು ಸಂಜೆ ದೀಪ ಹಚ್ಚಿ, ಚಾಪೆ ಹಾಸಿ, ಅವಳನ್ನು ಎದುರಿಗೆ ಕೂರಿಸಿಕೊಂಡು ಮೊದಲ ಸಾಲು ಹೇಳಿದೆ. ಅವಳು ಹೇಳಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಅವಳು ಗೋಡೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಮೂರನೆಯ ಸಲ ಬಾಯಿ ತೆರೆದಾಗ ನನ್ನ ಬಾಯಿಯ ಮೇಲೆ ತನ್ನ ಅಂಗೈ ಇಟ್ಟಳು. ಕೈಯಲ್ಲಿ ಶಾಲೆಯ ಮಣ್ಣಿನ ವಾಸನೆ ಇತ್ತು.

"ಬ್ಯಾಡ" ಎಂದಳು.

ಆ ಮಾತನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಹನ್ನೆರಡು ವರ್ಷದಲ್ಲಿ ಅವಳು ನನ್ನೊಡನೆ ಆಡಿದ ಮೊದಲನೆಯ ಮಾತು. ಇದಕ್ಕಾಗಿಯೇ ಅಲ್ಲವೇ ಅಷ್ಟೂ ಜನರ ಮುಂದೆ ಬರಂಗಿಲ್ರೀ ಎಂದು ಹೇಳಿ ಬಂದದ್ದು? ಸಂತೋಷವಾಯಿತು, ಇಲ್ಲವೆನ್ನುವುದಿಲ್ಲ. ಅದರ ಹಿಂದೆಯೇ, ಇನ್ನು ಸಂಜೆಗೂ ನನ್ನ ಮಾತಿಗೆ ಎದುರಾಗುವ ದನಿ ಇಲ್ಲ ಎಂದು ಹೊಳೆಯಿತು. ಕಮಲಾಪುರಕ್ಕೆ ಫೋನು ಮಾಡೋಣವೆಂದು ಎತ್ತಿಕೊಂಡೆ. ಕೂಸು ದೇವರ ಸ್ತೋತ್ರ ಬೇಡ ಎಂದಳು ಎಂದು ಅವರಿಗೆ ಸಿಹಿಸುದ್ದಿಯ ಹಾಗೆ ಹೇಗೆ ಹೇಳುವುದು? ಫೋನು ಕೆಳಗಿಟ್ಟೆ. ಮಗಳು ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದಾಯಿತು. ನಾನು ಏಳಬೇಕೆಂದವಳು ಏಳದೆ ಕುಳಿತೆ. ಅವಳು ಒಂದು ತಟ್ಟೆ ಹಿಡಿದು ಬಂದು, ಚಾಪೆಯ ಮೇಲೆ ಕುಳಿತು, ತನ್ನ ಮುಂದೆ ಇಟ್ಟುಕೊಂಡು, ಅನ್ನ ಹಾಕಲೆಂದು ಕಾದಳು.

ಒಂದೇ ತಟ್ಟೆ ತಂದಿದ್ದಳು. ನನ್ನದನ್ನು ನಾನೇ ಹೋಗಿ ತಂದುಕೊಂಡೆ.